ಇವತ್ತ ಏನ್ ಮಾಡ್ದಿ?

2020ರ ಮಾರ್ಚಿನಲ್ಲಿ, ಲಾಕ್‌ಡೌನ್‌ಗೆ ಮುಂಚಿನ ವಾರ, ಬೆಂಗಳೂರಿನ ಕೋಣೆ ಬಿಟ್ಟು ಬೀದರ್ ಜಿಲ್ಲೆಯ ನಮ್ಮೂರು ಠಾಣಾ ಕುಶನೂರಿಗೆ ಬಂದೆ. ಸುಮಾರು 700 ಕಿಲೋಮೀಟರ್ ದೂರದ ಆಫೀಸು ಲ್ಯಾಪ್‌ಟಾಪಿನೊಳಗೆ ಹಿಡಿಸಿತು. ಅಪ್ಪನ ತಲೆಗೆ ಮಾತ್ರ ಹಿಡಿಸಲಿಲ್ಲ.

ಸಂಜೆ ಹೊಲದಿಂದ ಬಂದವನೇ ಕೇಳುತ್ತಿದ್ದ, “ಇವತ್ತ ಏನ್ ಮಾಡ್ದಿ?”

ಅವನ ಕೆಲಸ ಕಣ್ಣಿಗೆ ಕಾಣುತ್ತಿತ್ತು. ಜೂನಿನಲ್ಲಿ ಬಿತ್ತಿದ ಸೋಯಾ ನೂರು ದಿನಕ್ಕೆ ಕೊಯ್ಲಿಗೆ ಬರುತ್ತದೆ, ತೊಗರಿ ಸಂಕ್ರಾಂತಿಯ ಹೊತ್ತಿಗೆ ರಾಶಿಯಾಗುತ್ತದೆ. ನಾನು ದಿನವಿಡೀ ತಿದ್ದಿದ ಕೋಡ್ ಯಾರಿಗೆ ಉಪಯೋಗವೆಂದು ನನಗೇ ಗೊತ್ತಿರಲಿಲ್ಲ. ಸುಮ್ಮನಿರುತ್ತಿದ್ದೆ.

ತೋರಿಸಲು ಏನಾದರೂ ಇರಲೆಂದು ಅವನ ಹಳೆಯ ಲೆಕ್ಕದ ವಹಿಗಳನ್ನು ತೆಗೆದೆ. ಆಫೀಸಿನ ಕೆಲಸ ಮುಗಿದ ಮೇಲೆ ದಿನಕ್ಕೊಂದು ಪುಟ ಎಕ್ಸೆಲ್‌ಗೆ ಇಳಿಸುತ್ತಾ ಹೋದೆ: ಬೀಜ, ಗೊಬ್ಬರ, ಕೂಲಿ, ಸಾಲ. 2015ರಲ್ಲಿ ಬರ. 2016ರಲ್ಲಿ ಕೊಯ್ಲಿನ ಹೊತ್ತಿಗೆ ಅತಿವೃಷ್ಟಿ. ಎರಡೂ ವರ್ಷ ನಷ್ಟ. ಎರಡೂ ವರ್ಷ ನನ್ನ ಕಾಲೇಜಿನ ಫೀಸು ತಪ್ಪಿರಲಿಲ್ಲ.

ಆಗ ಹಾಸ್ಟೆಲಿನಿಂದ ವಾರಕ್ಕೊಮ್ಮೆ ಫೋನ್ ಮಾಡುತ್ತಿದ್ದೆ. ಹೊಲದ ಬಗ್ಗೆ ಒಮ್ಮೆಯೂ ವಿಚಾರಿಸಿದ ನೆನಪಿಲ್ಲ.

ಮರುದಿನ ಸಂಜೆ ಅಪ್ಪ ಬರುವುದನ್ನೇ ಕಾದಿದ್ದು, ಆ ಪ್ರಶ್ನೆಯನ್ನು ನಾನೇ ಮೊದಲು ಕೇಳಿದೆ.