ಮುದ್ದೆಗಿಂತ ಮುಂಚೆ ಕಾಳು

ಕಫದ ಪರೀಕ್ಷೆಯಲ್ಲಿ ಟಿ.ಬಿ. ಅಂತ ಬಂದ ದಿನ ಆರೋಗ್ಯ ಕೇಂದ್ರದ ತೂಕದ ಯಂತ್ರ 41 ಕೆ.ಜಿ. ತೋರಿಸಿತು. ಕಾಯಿಲೆ ಬೀಳುವ ಮುಂಚೆ ನಾನು 56 ಇದ್ದವನು. ಕೋಲಾರದ ಮಂಡಿಗೆ ಹಾಕುವ ಒಂದು ಟೊಮೆಟೊ ಬಾಕ್ಸಿನಷ್ಟು ಮೈ ಕರಗಿಹೋಗಿತ್ತು. ಸಂಜೆಯಾದರೆ ಜ್ವರ, ರಾತ್ರಿ ಹಾಸಿಗೆ ಒದ್ದೆಯಾಗುವಷ್ಟು ಬೆವರು. ಉಡದಾರ ಸೊಂಟದ ಮೇಲೆ ನಿಲ್ಲದೆ ಜಾರುತ್ತಿತ್ತು. "ಪಾಳೇಗಾರರ ಊರೋನಪ್ಪ ನೀನು, ಗಾಳಿ ಬಂದ್ರೆ ಹೊಸಕೋಟೆ ತಂಕ ಹಾರೋಗ್ತೀಯ" ಅಂತ ಅಂಗಡಿ ಮುಂದೆ ಕೂತವರು ನಗಾಡಿದರು. ನಾನೂ ನಕ್ಕೆ. ನಕ್ಕರೆ ಕೆಮ್ಮು.

ಆರು ತಿಂಗಳ ಮಾತ್ರೆ. ಮಾತ್ರೆ ಎಷ್ಟು ಅನ್ನೋದನ್ನು ತೂಕ ನೋಡಿಯೇ ಕೊಡುತ್ತಾರೆ: 35ರಿಂದ 49 ಕೆ.ಜಿ.ವರೆಗೆ ದಿನಕ್ಕೆ ಮೂರು, 50 ಮುಟ್ಟಿದರೆ ನಾಲ್ಕು. ಮೊದಮೊದಲು ವಾಕರಿಕೆ, ಬಾಯೆಲ್ಲ ಕಹಿ. ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತೆ, ಹೆದರಬೇಡಿ ಅಂತ ಆಶಾ ಅಕ್ಕ ಮೊದಲೇ ಹೇಳಿದ್ದರಿಂದ ಮನೆಯವಳು ಗಾಬರಿಯಾಗಲಿಲ್ಲ.

ಜ್ವರ ಬಿಟ್ಟಿತು, ಹಸಿವು ಮಾತ್ರ ಬರಲಿಲ್ಲ. ಎರಡು ತುತ್ತು ಮುದ್ದೆ ನುಂಗಿದರೆ ಹೊಟ್ಟೆ ಭರ್ತಿ. ಬಾಮೈದ ಪೇಟೆಯಿಂದ ಒಂದು ಪುಡಿ ಡಬ್ಬ ತಂದ. ಮಗಳು ಡಬ್ಬದ ಹಿಂಬದಿ ಓದಿದಳು. ಮೊದಲ ಸಾಲಿನಲ್ಲೇ ಸಕ್ಕರೆ ಇತ್ತು. ಆ ದುಡ್ಡಿಗೆ ಎಷ್ಟು ಮೊಟ್ಟೆ ಬರುತ್ತಿತ್ತು ಅಂತ ಅತ್ತೆ ಲೆಕ್ಕ ಹಾಕತೊಡಗಿದ್ದಕ್ಕೆ ಬಾಮೈದ ಎದ್ದು ಹೊರಗೆ ಹೋದ.

ಡಾಕ್ಟರು ಹೇಳಿದ್ದು ಬೇರೆ. ಇಷ್ಟು ಸೊರಗಿದ ಮೈಗೆ ಒಂದೇ ಸಲ ತುರುಕಬೇಡಿ, ರಕ್ತದಲ್ಲಿ ಲವಣಾಂಶ ಏರುಪೇರಾಗಿ ಹೃದಯಕ್ಕೇ ತೊಂದರೆ ಆಗಬಹುದು. ಸ್ವಲ್ಪ ಸ್ವಲ್ಪ, ಆದರೆ ಪದೇ ಪದೇ. ಆಮೇಲೆ ಒಂದು ಮಾತು ಸೇರಿಸಿದರು: "ಮುದ್ದೆಗಿಂತ ಮುಂಚೆ ಕಾಳು ತಿನ್ನಿ." ನಮ್ಮ ಕಡೆಯವರಿಗೆ ಇದು ತಲೆಕೆಳಗಿನ ಮಾತು. ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ನುಂಗುತ್ತೇವೆ, ಕಾಳು ತಟ್ಟೆಯ ಅಂಚಿನಲ್ಲಿ ಉಳಿಯುತ್ತದೆ. ರಾಗಿಯಲ್ಲಿ ಸುಣ್ಣದ ಅಂಶ ಬೇಕಾದಷ್ಟಿದೆ. ಆದರೆ ಮುದ್ದೆಯಲ್ಲಿ ಅರ್ಧಕ್ಕಿಂತ ಹೆಚ್ಚು ನೀರು. ಚಿಕ್ಕದಾಗಿಹೋದ ಹೊಟ್ಟೆಯಲ್ಲಿ ಆ ನೀರೇ ಜಾಗ ಹಿಡಿಯುತ್ತಿತ್ತು.

ಹಾಗಾಗಿ ಹುರುಳಿಕಾಳು, ಅಲಸಂದೆ ಮೊದಲು. ನಿಂಬೆಗಾತ್ರದ ಮುದ್ದೆ ಆಮೇಲೆ, ಅದರ ಮೇಲೆ ಒಂದು ಚಮಚ ತುಪ್ಪ. ಬೆಳಿಗ್ಗೆ ರಾಗಿ ಹುರಿಹಿಟ್ಟಿಗೆ ಹಾಲು, ಬೆಲ್ಲ. ನಡುವೆ ಬೇಯಿಸಿದ ಕಡಲೆಕಾಯಿ, ಮೊಟ್ಟೆ. ಅವರೆ ಸೊಗಡಿನ ಕಾಲ ಬಂದಾಗ ಹಿತಕಿದಬೇಳೆ ಸಾರಿನ ವಾಸನೆಗೇ, ಎಷ್ಟೋ ದಿನದ ಮೇಲೆ, ಬಾಯಲ್ಲಿ ನೀರೂರಿತು. ಅವತ್ತು ಮನೆಯವಳು ಏನೂ ಮಾತಾಡಲಿಲ್ಲ, ಇನ್ನೊಂದು ಸೌಟು ಬಡಿಸಿದಳು.

ಎರಡು ತಿಂಗಳಿಗೆ 44 ಆಯಿತು. ಏರಿದ ತೂಕ ಮೊದಲು ಕೂತದ್ದು ಹೊಟ್ಟೆಯ ಮೇಲೆ, ತೋಳು ಹಾಗೇ ಕಡ್ಡಿ. ಕೂತು ತಿಂದರೆ ಕೊಬ್ಬು, ಓಡಾಡಿದರೆ ಕಸುವು ಅಂದರು ಡಾಕ್ಟರು. ಕೆರೆ ಏರಿ ತನಕ ನಡೆದೆ, ಆಮೇಲೆ ನೀರಿನ ಬಿಂದಿಗೆ, ಆಮೇಲೆ ಹುಲ್ಲಿನ ಹೊರೆ. ತೋಟಕ್ಕೆ ಹೋಗಿ ತುಂಬಿದ ಟೊಮೆಟೊ ಬಾಕ್ಸನ್ನು ಎದೆಮಟ್ಟಕ್ಕೆ ಎತ್ತಿದ್ದು 50 ದಾಟಿದ ಮೇಲೆ. ಅಷ್ಟರಲ್ಲಿ ನನ್ನ ಮಾತ್ರೆಯೂ ನಾಲ್ಕಾಗಿತ್ತು.

ಇದಕ್ಕೆಲ್ಲ ದುಡ್ಡು ಬೇಕು. ಟಿ.ಬಿ. ರೋಗಿಗಳ ಊಟಕ್ಕೆಂದು ಸರ್ಕಾರ ನಡೆಸುವ ನಿಕ್ಷಯ ಪೋಷಣ ಯೋಜನೆಯಲ್ಲಿ 2018ರಿಂದ ತಿಂಗಳಿಗೆ 500 ರೂಪಾಯಿ ಕೊಡುತ್ತಿದ್ದರು, 2024ರ ನವೆಂಬರಿನಿಂದ ಅದು 1000. ನನ್ನದು ಸಾವಿರದ ಕಾಲ. ಮೊಟ್ಟೆ, ಬೇಳೆಗೆ ಆಯಿತು. ಆದರೆ ಒಬ್ಬನ ಲೆಕ್ಕದ ದುಡ್ಡು ಅದು. ಮಕ್ಕಳು ನೋಡುತ್ತಿರುವಾಗ ಅಪ್ಪನಾದವನು ಒಂದೇ ಮೊಟ್ಟೆಯನ್ನು ಒಬ್ಬನೇ ಹೇಗೆ ತಿನ್ನುವುದು? ಮನೆಯವರ ಎದೆ ಪರೀಕ್ಷೆಗೆ ಹೋದಾಗ ಎಲ್ಲರನ್ನೂ ತೂಗಿದರು. ಕಾಯಿಲೆ ಯಾರಿಗೂ ಇರಲಿಲ್ಲ. ನನ್ನ ಹೆಂಡತಿ ಮಾತ್ರ 39. ನನ್ನ ತಟ್ಟೆಗೆ ಬರುತ್ತಿದ್ದ ಹಾಲು, ತುಪ್ಪ ಯಾರ ಪಾಲಿನದು ಅಂತ ಆಗ ಗೊತ್ತಾಯಿತು.

ಜಾರ್ಖಂಡಿನಲ್ಲಿ ಟಿ.ಬಿ. ರೋಗಿಗಳ ಮನೆಮಂದಿಗೂ ಅಕ್ಕಿ, ಬೇಳೆ ಕೊಟ್ಟು ನೋಡಿದರಂತೆ. 2023ರಲ್ಲಿ ಪ್ರಕಟವಾದ ಅದರ ಫಲಿತಾಂಶದ ಪ್ರಕಾರ, ಹಾಗೆ ಉಂಡ ಮನೆಗಳಲ್ಲಿ ಹೊಸದಾಗಿ ಟಿ.ಬಿ. ಬಂದವರು ಸುಮಾರು ಶೇ. 40ರಷ್ಟು ಕಡಿಮೆ. ಡಾಕ್ಟರು ಇದನ್ನು ಹೇಳಿದಾಗ ನನಗೆ ನೆನಪಾದದ್ದು ನಮ್ಮ ಕೊಟ್ಟಿಗೆ. ಎರಡು ಸೀಮೆಹಸು ಇವೆ. ಕಾಫಿಗೆ ಒಂದು ಲೋಟ ಬಿಟ್ಟು ಮಿಕ್ಕದ್ದೆಲ್ಲ ಡೈರಿಗೆ. ಈ ಭಾಗದಲ್ಲಿ ಹಸು ಕಟ್ಟಿರುವ ಮನೆಗಳ ಕತೆಯೇ ಇಷ್ಟು, ಹಾಲು ಬಟವಾಡೆಗೆ, ಬಾಯಿಗಲ್ಲ.

ಮಾರನೆಯ ದಿನದಿಂದ ಬೆಳಿಗ್ಗೆ ಒಂದು ಲೀಟರ್ ಮನೆಗೆ ಹಿಡಿದಿಟ್ಟೆ. ಬಟವಾಡೆ ಕಮ್ಮಿ ಬಂತು, ಅತ್ತೆ ಗೊಣಗಿದರು. ಡೈರಿ ಸೆಕ್ರೆಟರಿ ಚೀಟಿ ನೋಡಿ ಕೇಳಿದರು, "ಏನಣ್ಣ, ಹಸು ಬತ್ತಿಸಿಕೊಳ್ತಾ?"

"ಇಲ್ಲ ಸಾರ್, ಮನೇಲಿ ಕುಡೀತಾ ಇದ್ದೀವಿ."

ನನ್ನ ಕೋರ್ಸು ಮುಗಿದಾಗ ನಾನು 53, ಅವಳು 43.