ನೀರೊಳಗಿನ ಹೂಂಗುಟ್ಟು

ನಿಮ್ಮ ಕಾಸರಗೋಡಿನ ಮಕ್ಕಳಿಗೆ ಹೊಳೆಯಿದೆ, ಕೆರೆಯಿದೆ, ಸಮುದ್ರವೇ ಇದೆ. ಬ್ಯಾಂಕಿನ ಗುಮಾಸ್ತನಾಗಿ ನಾನು ಸುತ್ತಿದ ಉಮರ್ಗಾ, ನಿಲಂಗಾ, ಉದಗೀರಗಳಲ್ಲಿ ಈಜು ಎಂದರೆ ಹೊಲದ ಬಾವಿ. 1956ರ ನವೆಂಬರ್ 1ರಂದು ನೀವು ಕೇರಳಕ್ಕೆ ಸೇರಿದ ದಿನವೇ ನಿಲಂಗಾ, ಉದಗೀರ ತಾಲೂಕುಗಳು ಬೀದರ ಜಿಲ್ಲೆಯಿಂದ ಕಳಚಿ ಮುಂಬಯಿ ರಾಜ್ಯಕ್ಕೆ ಹೋದವು. ಆ ಲೆಕ್ಕದಲ್ಲಿ ನಾವು ನೆಂಟರು.

ನಮ್ಮ ಕಾಲದಲ್ಲಿ ಬೆನ್ನಿಗೆ ಖಾಲಿ ಡಬ್ಬ ಕಟ್ಟಿ ಬಾವಿಗೆ ದೂಡುತ್ತಿದ್ದರು. ತಲೆ ಮೇಲೆತ್ತಿ ನಾಲ್ಕು ಸಲ ಕೈ ಬೀಸಿದರೆ ಎದುರು ಗೋಡೆ. ಉಸಿರಿನ ಶಾಸ್ತ್ರ ಯಾರಿಗೆ ಬೇಕು? ಈಗ ಬೇಸಿಗೆಗೆ ಎಷ್ಟೋ ಬಾವಿಗಳ ತಳ ಕಾಣುತ್ತದೆ. ಬದಲಿಗೆ ಹೊಲಗಳಲ್ಲಿ ಪ್ಲಾಸ್ಟಿಕ್ ಹಾಸಿದ ಹೊಂಡಗಳು ಬಂದಿವೆ, ಮರಾಠಿಯಲ್ಲಿ ಶೇತತಳೆ. ಅದರ ಇಳಿಜಾರಿನಲ್ಲಿ ಕಾಲೂರುವಂತಿಲ್ಲ. ಈಜು ಬಲ್ಲವರೂ ಬಿದ್ದರೆ ಹತ್ತಿ ಬರುವುದು ಕಷ್ಟ. ನಮ್ಮ ಹೊಲದ ಪಕ್ಕದಲ್ಲೇ ಒಂದಿದೆ. ಹನ್ನೊಂದು ವರ್ಷದ ಮಗಳು ಅಲ್ಲೇ ಓಡಾಡುತ್ತಾಳೆ. ಹೊಂಡದೊಳಕ್ಕೆ ಹಗ್ಗ ಇಳಿಬಿಡಿಸಿದ್ದಾಯಿತು. ಆದರೆ ಅದು ಕೈಗೆ ಸಿಗುವ ತನಕ ಗಾಬರಿಯಾಗದೆ ಉಸಿರಾಡಬೇಕಲ್ಲ!

ಬೆಂಗಳೂರಿನ ನೆಂಟರ ಮನೆಗೆ ಹೋದಾಗ ಅವಳನ್ನು ಈಜುಕೊಳಕ್ಕೆ ಸೇರಿಸಿದೆ. 14ನೆಯ ವಯಸ್ಸಿಗೇ 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 200 ಮೀಟರ್ ಫ್ರೀಸ್ಟೈಲ್ ಈಜಿದ ಧಿನಿಧಿ ದೇಸಿಂಗು ಆ ಊರಿನ ಹುಡುಗಿ. ನನ್ನವಳು ಹತ್ತು ಸಲ ಕೈ ಬೀಸುವಷ್ಟರಲ್ಲಿ ಬಸವಳಿಯುತ್ತಿದ್ದಳು. ತರಬೇತುದಾರರು ನೋಡಿ, “ಕೈಕಾಲು ಸರಿಯಾಗಿದೆ. ಉಸಿರು ಬಿಡುತ್ತಲೇ ಇಲ್ಲ” ಎಂದರು.

ದಮ್ಮು ಹಿಡಿದಷ್ಟೂ ಗಟ್ಟಿಗನೆಂದು ನಮ್ಮ ಕಡೆ ನಂಬಿಕೆ. ಆದರೆ ಉಸಿರಿಗಾಗಿ ಎದೆ ಚಡಪಡಿಸುವುದು ಮುಖ್ಯವಾಗಿ ಒಳಗೇ ಕೂಡಿಕೊಂಡ ಇಂಗಾಲದ ಡೈಆಕ್ಸೈಡಿನಿಂದ. ಬಾಯಿ ನೀರಿನಿಂದ ಹೊರಗೆ ಬರುವುದು ಒಂದು ಕ್ಷಣ. ಅಷ್ಟರಲ್ಲಿ ಹಳೆಯ ಗಾಳಿ ಬಿಟ್ಟು ಹೊಸದನ್ನು ಎಳೆಯಲು ಪುರಸೊತ್ತಿಲ್ಲ. ಆದ್ದರಿಂದ ಮುಖ ನೀರಿನಲ್ಲಿರುವಾಗಲೇ ಬಿಡುತ್ತಿರಬೇಕು. ಆಮೇಲೆ ತಲೆಯನ್ನು ಎತ್ತಬಾರದು, ಎತ್ತಿದರೆ ಸೊಂಟ, ಕಾಲು ಮುಳುಗುತ್ತವೆ. ಭುಜದ ಜೊತೆಗೆ ಮುಖವನ್ನು ಹೊರಳಿಸಬೇಕು, ಒಂದು ಕಣ್ಣು ನೀರಲ್ಲೇ ಇರಬೇಕು. ಮುಂದೆ ಸಾಗುವ ತಲೆಯ ಪಕ್ಕದಲ್ಲಿ ನೀರು ತುಸು ತಗ್ಗಾಗುತ್ತದೆ; ಬಾಯಿಗೆ ಅಷ್ಟು ಜಾಗ ಸಾಕು. ಮೂರು ಕೈಗೊಮ್ಮೆ ಉಸಿರೆಳೆದರೆ ಬಲಕ್ಕೊಮ್ಮೆ, ಎಡಕ್ಕೊಮ್ಮೆ ತಾನಾಗಿ ಬರುತ್ತದೆ.

ಊರಿಗೆ ಬಂದ ಮೇಲೆ ಅಭ್ಯಾಸ ಬಕೆಟ್ಟಿನಲ್ಲಿ. 2016ರ ಬರದಲ್ಲಿ ಲಾತೂರಿಗೆ ರೈಲಿನಲ್ಲಿ ನೀರು ತರಿಸಿಕೊಂಡ ಸೀಮೆ ಇದು. ಮುಖ ಮುಳುಗಿಸಿದ ನೀರು ಕೂಡ ಕರಿಬೇವಿನ ಗಿಡಕ್ಕೆ ಹೋಗಬೇಕು. ‘ಶ್ವಾಸ ಸೋಡ್’ ಎಂದು ಮರಾಠಿಯಲ್ಲಿ ಹೇಳಿದೆ, ‘ಉಸುರು ಬಿಡು’ ಎಂದೂ ಹೇಳಿದೆ. ಎರಡೇ ಗುಳ್ಳೆ ಬಂದವು. ಆಗ ನನ್ನ ಅವ್ವ, “ಕತಿಗೆ ಹೂಂ ಅಂತೀಯಲ್ಲ, ಹಂಗ ಅನ್ನು” ಎಂದಳು. ಮರಾಠಿ ಶಾಲೆಗೆ ಹೋಗುವ ಹುಡುಗಿ, ಮನೆಯಲ್ಲೂ ಉತ್ತರ ಕೊಡುವುದು ಮರಾಠಿಯಲ್ಲೇ. ಅಜ್ಜಿಯ ಕನ್ನಡ ಕತೆಗೆ ಹೂಂಗುಟ್ಟುವುದನ್ನು ಮಾತ್ರ ಬಿಟ್ಟಿಲ್ಲ. ಬಕೆಟ್ಟಿನಲ್ಲಿ ಉದ್ದಕ್ಕೆ ‘ಹೂಂ’ ಎಂದಳು. ಮೂಗಿನಿಂದ ಗುಳ್ಳೆಗಳ ಸಾಲೇ ಎದ್ದಿತು.

ಮಳೆಗಾಲ ಮುಗಿದು ಬಾವಿ ತುಂಬಿದೆ. ಸೊಂಟಕ್ಕೆ ಹಗ್ಗ, ಹಗ್ಗದ ತುದಿ ನನ್ನ ಕೈಯಲ್ಲಿ. ಅವ್ವ ದಂಡೆಯಲ್ಲಿ ಕೂತು ಕತೆ ಹೇಳುತ್ತಾಳೆ. ಅವಳಿಗೆ ಕೇಳಿಸುವುದೋ ಇಲ್ಲವೋ. ಈಗ ಬಾವಿಯನ್ನು ಆರು ಸುತ್ತು ಹಾಕುತ್ತಾಳೆ. ಎಡಕ್ಕೆ ಹೊರಳುವುದು ಇನ್ನೂ ಬಂದಿಲ್ಲ.