ರಾತ್ರಿ ಎರಡೂವರೆಯ ಸಭೆ

ಸಭಾಕಂಪನಕ್ಕೆ ಇಂಗ್ಲಿಷ್ ಪುಸ್ತಕಗಳಲ್ಲಿ ಒಂದು ಹಳೇ ಮದ್ದು ಉಂಟು. ಎದುರು ಕೂತವರೆಲ್ಲ ಬಟ್ಟೆ ಇಲ್ಲದೆ ಕೂತಿದ್ದಾರೆ ಅಂತ ಊಹಿಸಿಕೊಳ್ಳಿ, ಹೆದರಿಕೆ ಹೋಗ್ತದೆ ಅಂತ. ಇದನ್ನು ಬರೆದವರು ಖಂಡಿತ ನಮ್ಮೂರ ಭಜನಾ ಮಂದಿರದಲ್ಲಿ ಹಾಡಿದವರಲ್ಲ. ನಮ್ಮಲ್ಲಿ ಎದುರಿನ ಸಾಲಲ್ಲಿ ಕೂರುವುದು ಹಾಲಿನ ಸೊಸೈಟಿಯ ಕಾರ್ಯದರ್ಶಿ, ಎರಡನೇ ಕ್ಲಾಸಿನಲ್ಲಿ ಮಗ್ಗಿ ಕಲಿಸಿದ ಟೀಚರು, ಅಡಿಕೆ ಸುಲಿಯಲಿಕ್ಕೆ ಬರುವ ಅಕ್ಕಂದಿರು. ಇವರನ್ನು ಹಾಗೆ ಊಹಿಸಿಕೊಂಡರೆ ಪದ್ಯ ಹೇಳುವುದು ಬಿಡಿ, ಮರುದಿನ ಬೆಳಿಗ್ಗೆ ಹಾಲು ಹಾಕಲಿಕ್ಕೆ ಯಾವ ಮುಖ ಇಟ್ಟುಕೊಂಡು ಹೋಗುವುದು?

ನನ್ನ ಕೆಲಸದಲ್ಲಿ ಹೊರದೇಶದ ನಲವತ್ತು ಜನರಿಗೆ ಒಟ್ಟಿಗೆ ಡೆಮೊ ಕೊಡಬೇಕಾಗ್ತದೆ. ಆಗ ಎದೆ ಡವಗುಟ್ಟುವುದಿಲ್ಲ. ಆದರೆ ವೇಣೂರಿನ ಹತ್ತಿರದ ನಮ್ಮೂರಲ್ಲಿ ಇಪ್ಪತ್ತು ಜನರ ಎದುರು ಜಾಗಟೆ ಹಿಡಿದು ಕೂತರೆ ನಾಲಗೆ ಅಂಗುಳಕ್ಕೆ ಅಂಟಿಕೊಳ್ತದೆ. ಕಾರಣ ಸರಳ. ಆ ನಲವತ್ತು ಜನಕ್ಕೆ ನನ್ನ ಕೋಡು ಗೊತ್ತಿಲ್ಲ, ಈ ಇಪ್ಪತ್ತು ಜನಕ್ಕೆ ಪದ್ಯ ಗೊತ್ತು. ಮೂಡುಬಿದಿರೆ ಹತ್ತಿರದ ಮಾರೂರಿನ ಬಲಿಪ ನಾರಾಯಣ ಭಾಗವತರನ್ನು ರಾತ್ರಿಯಿಡೀ ಕೂತು ಕೇಳಿದ ಕಿವಿಗಳು ಅವು. ಏರು ಶ್ರುತಿಯಲ್ಲಿ, ಪುಸ್ತಕದ ಹಂಗಿಲ್ಲದೆ, ಕಟೀಲು ಮೇಳವನ್ನು ವರ್ಷಗಟ್ಟಲೆ ಆಡಿಸಿದ ಬಲಿಪರು 2023ರ ಫೆಬ್ರವರಿಯಲ್ಲಿ ತೀರಿಕೊಂಡರು. ಕೇಳಿದವರು ಊರಲ್ಲಿ ಇನ್ನೂ ಇದ್ದಾರೆ. ಎತ್ತುಗಡೆ ಒಂದು ಚೂರು ತಡವಾದರೂ ಹಿಂದಿನ ಸಾಲಿನಿಂದ ಗಂಟಲು ಸರಿಮಾಡಿಕೊಳ್ಳುವ ಸದ್ದು ಬರ್ತದೆ. ಆ ಸದ್ದಿಗಿಂತ ದೊಡ್ಡ ವಿಮರ್ಶೆ ನಾನು ಈವರೆಗೆ ಓದಿಲ್ಲ.

2020ರಲ್ಲಿ ಕೊರೊನಾ ಬಂದು ಆಫೀಸು ಲ್ಯಾಪ್‌ಟಾಪಿನ ಒಳಗೆ ಸೇರಿದಾಗ ನಾನು ಊರಿಗೆ ಬಂದೆ. ಮರುವರ್ಷ ಭಾಗವತಿಕೆ ಕಲಿಯಲಿಕ್ಕೆ ಶುರುಮಾಡಿದೆ. ಆಸೆಯೊಂದೇ ಕಾರಣವಲ್ಲ. ನಮ್ಮ ಹವ್ಯಾಸಿ ಸಂಘದಲ್ಲಿ ತಾಳಮದ್ದಳೆಗೆ ಹಾಡುತ್ತಿದ್ದ ಹಿರಿಯರ ಸ್ವರ ಬಿದ್ದುಹೋಗಿತ್ತು. ಅರ್ಥಧಾರಿಗಳು ಆರು ಜನ, ಮದ್ದಳೆಗೆ ಇಬ್ಬರು, ಪದ್ಯಕ್ಕೆ ಯಾರೂ ಇಲ್ಲ. ಹಾಡುವವನಿಲ್ಲದಿದ್ದರೆ ಸಂಘ ಮುಚ್ಚಬೇಕು, ವಿಷಯ ಅಷ್ಟೇ. ಶನಿವಾರ ಶನಿವಾರ ಮೂಡುಬಿದಿರೆಗೆ ಹೋಗಿ ಕಲಿತೆ. ದನದ ಹಟ್ಟಿಯ ಹಿಂದೆ ನಿಂತು ಹಾಡಿದರೆ ಸ್ವರ ಗುಡ್ಡೆಗೆ ತಾಗಿ ವಾಪಸು ಬರ್ತಿತ್ತು. ಜನ ಕೂತಲ್ಲಿ ಅದೇ ಸ್ವರ ಎಲ್ಲಿಗೆ ಹೋಗ್ತದೋ ಗೊತ್ತಿಲ್ಲ. ಅಮ್ಮ ಒಮ್ಮೆ ಕೇಳಿಯೇಬಿಟ್ಟರು, "ಹಟ್ಟಿಯಲ್ಲಿ ಅಷ್ಟು ಲಾಯ್ಕ ಹಾಡ್ತಿ, ಅಲ್ಲಿ ಎಂತ ಆಗುದು ನಿಂಗೆ?"

ಆಗುವುದು ಇಷ್ಟು. ಹುಲಿ ಎದುರು ಬಂದರೆ ಓಡಲಿಕ್ಕೆ ಬೇಕಾದ ತಯಾರಿಯನ್ನು ದೇಹ ಮೈಕಿನ ಎದುರು ಮಾಡ್ತದೆ. ಅಡ್ರಿನಲಿನ್ ಏರ್ತದೆ, ರಕ್ತ ದೊಡ್ಡ ಸ್ನಾಯುಗಳ ಕಡೆ ಹೋಗಿ ಬೆರಳು ತಣ್ಣಗಾಗ್ತದೆ, ಬಾಯಿ ಒಣಗ್ತದೆ, ಉಸಿರು ಎದೆಯ ಮೇಲ್ಭಾಗದಲ್ಲೇ ನಿಲ್ತದೆ. ಓಡುವವನಿಗೆ ಇದೆಲ್ಲ ಒಳ್ಳೆಯದೇ. ಚಕ್ಕಳಮಕ್ಕಳ ಹಾಕಿ ಕೂತು ಪದ್ಯ ಎತ್ತಬೇಕಾದವನಿಗೆ ಇದರಲ್ಲಿ ಒಂದೂ ಉಪಕಾರಕ್ಕಿಲ್ಲ. ಗಂಟಲು ಬಿಗಿದು ಶ್ರುತಿ ಮೇಲೆ ಜಾರ್ತದೆ, ಕಾಲ ಓಡ್ತದೆ. ತಾಳ ಇರುವ ಪದ್ಯವಾದರೆ ಮದ್ದಳೆಯವರು ಹಿಡಿದು ನಿಲ್ಲಿಸಿಯಾರು. ಭಾಮಿನಿಗೆ, ಕಂದಕ್ಕೆ ತಾಳವೇ ಇಲ್ಲ. ಮದ್ದಳೆ ಸುಮ್ಮನೆ ಕೂತಿರ್ತದೆ, ಜಾಗಟೆ ತೊಡೆಯ ಮೇಲೆ, ನಿಮ್ಮ ಸ್ವರ ಒಂದೇ ಸಭೆಯ ನಡುವೆ. ನಡುಗುವ ಸ್ವರಕ್ಕೆ ಅಡಗಲು ಅಲ್ಲಿ ಒಂದು ಬಾಳೆಗಿಡವೂ ಇಲ್ಲ.

ಇದು ಹೊಸಬರ ಕಾಯಿಲೆ ಅಂತ ಅಂದುಕೊಂಡವರು ಪಾಬ್ಲೊ ಕಸಾಲ್ಸ್ ಕಥೆ ಕೇಳಬೇಕು. ಚೆಲ್ಲೊ ನುಡಿಸುವುದರಲ್ಲಿ ಅವನಂಥವನು ಆ ಶತಮಾನದಲ್ಲಿ ಇರಲಿಲ್ಲ. 1901ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಹತ್ತಿರದ ಬೆಟ್ಟವೊಂದರಲ್ಲಿ ಕಲ್ಲು ಉರುಳಿ ಅವನ ಎಡಗೈ ಮೇಲೆ ಬಿತ್ತು. ಅವನೇ ಆಮೇಲೆ ಹೇಳಿಕೊಂಡಂತೆ, ಮೊದಲು ಮನಸ್ಸಿಗೆ ಬಂದದ್ದು, ದೇವರ ದಯೆ, ಇನ್ನು ನುಡಿಸಬೇಕಾಗಿಲ್ಲ ಎಂಬ ಸಮಾಧಾನ! 1987ರಲ್ಲಿ ಅಮೆರಿಕದ ಸಿಂಫನಿ ವಾದ್ಯಗಾರರ ನಡುವೆ ದೊಡ್ಡ ಸಮೀಕ್ಷೆ ನಡೆದಾಗ ಶೇ. 27 ಮಂದಿ ನಡುಕ ತಡೆಯಲು ಬೀಟಾ ಬ್ಲಾಕರ್ ಮಾತ್ರೆ ತೆಗೆದುಕೊಳ್ತೇವೆ ಅಂದಿದ್ದರು. ಮಾತ್ರೆ ಕೈಯ ನಡುಕ ತಗ್ಗಿಸ್ತದೆ, ಸರಿ. ಆದರೆ ಅದು ಹೃದಯದ ಮದ್ದು, ಆಸ್ತಮಾ ಇದ್ದವರಿಗೆ ಅಪಾಯ, ಡಾಕ್ಟರನ್ನು ಕೇಳದೆ ಮುಟ್ಟುವ ವಸ್ತುವಲ್ಲ.

ನನ್ನ ಮಾಷ್ಟ್ರ ದಾರಿ ಬೇರೆ. ಒಂದು ಇಡೀ ತಿರುಗಾಟದ ಕಾಲ ನನಗೆ ಹಾಡಲಿಕ್ಕೆ ಕೊಡಲೇ ಇಲ್ಲ. ಪಕ್ಕದಲ್ಲಿ ಕೂರಿಸಿಕೊಂಡು ಕೈಗೆ ಚಕ್ರತಾಳ ಕೊಟ್ಟರು. "ಮೊದಲು ಕೂತು ಅಭ್ಯಾಸ ಆಗಲಿ ಮಾರಾಯ. ಜನ ನೋಡುದು ಅಂದ್ರೆ ಎಂತ ಅಂತ ಗೊತ್ತಾಗಲಿ, ಹಾಡು ಮತ್ತೆ." ಪತ್ತನಾಜೆ ಬರುವಷ್ಟರಲ್ಲಿ ಎದುರಿನ ಮುಖಗಳು ಬರೀ ಮುಖಗಳಾಗಿದ್ದವು. ಯಾರು ಆಕಳಿಸ್ತಾರೆ, ಯಾರು ಚುರುಮುರಿ ತರಲು ಏಳ್ತಾರೆ, ಯಾರಿಗೆ ಕರ್ಣನ ಪದ್ಯ ಬಂದರೆ ಕಣ್ಣು ತುಂಬ್ತದೆ, ಎಲ್ಲ ಗೊತ್ತಾಗಿಹೋಯಿತು.

ಆಮೇಲೆ ಯೋಚಿಸಿದರೆ ಇದು ಮಾಷ್ಟ್ರ ಸ್ವಂತ ಶೋಧವೇನಲ್ಲ, ತೆಂಕುತಿಟ್ಟು ಮೇಳದ ಕ್ರಮವೇ ಹಾಗೆ. ರಾತ್ರಿಯಿಡೀ ಆಟದಲ್ಲಿ ಮುಖ್ಯ ಭಾಗವತರು ಬರುವುದು ನಡುರಾತ್ರಿ ಕಳೆದ ಮೇಲೆ. ಚೌಕಿಪೂಜೆ ಮುಗಿದು ಪೂರ್ವರಂಗ ಶುರುವಾದಾಗ ಹಾಡುವವನು ಕಲಿಯುತ್ತಿರುವ ಹುಡುಗ, ಅವನಿಗೆ 'ಸಂಗೀತಗಾರ' ಅಂತಲೇ ಹೆಸರು. ಕುಣಿಯುವ ಕೋಡಂಗಿ, ಬಾಲಗೋಪಾಲರೂ ಹೊಸಬರೇ. ಜನ ಇನ್ನೂ ಊಟ ಮಾಡ್ತಿರ್ತಾರೆ, ಸಂತೆ ಅಂಗಡಿ ನೋಡ್ತಿರ್ತಾರೆ, ಕುರ್ಚಿ ಖಾಲಿ. ರಂಗ ಮಾತ್ರ ನಿಜವಾದದ್ದು, ದೀಪ ನಿಜವಾದದ್ದು, ಚೆಂಡೆ ನಿಜವಾದದ್ದು. ನಮ್ಮ ಕಸುಬಿನಲ್ಲಿ ಹೊಸ ಕೋಡನ್ನು ನೇರ ಗಿರಾಕಿಯ ಎದುರು ಬಿಡುವುದಿಲ್ಲ, ಅದೇ ಥರದ ಇನ್ನೊಂದು ಸರ್ವರಿನಲ್ಲಿ ಮೊದಲು ಓಡಿಸಿ ನೋಡ್ತೇವೆ. ಅದಕ್ಕೆ 'ಸ್ಟೇಜಿಂಗ್' ಅಂತಲೇ ಹೆಸರು. ಹೆಸರಿಟ್ಟವರು ಕೋಡಂಗಿ ವೇಷ ನೋಡಿರಲಾರರು, ಪಾಪ.

ನನ್ನ ಸರದಿ ಬಂದದ್ದು ಸಿದ್ಧಕಟ್ಟೆ ಕಡೆಯ ಒಂದು ಮಂದಿರದಲ್ಲಿ. ಬರೀ ಗಣಪತಿ ಸ್ತುತಿ. ಮಾಷ್ಟ್ರು ಹಾರ್ಮೋನಿಯಂ ಕಪ್ಪು ಎರಡರಿಂದ ಬಿಳಿ ಎರಡಕ್ಕೆ ಇಳಿಸಿದರು. ಹೆದರಿದ ಗಂಟಲು ಹೇಗೂ ಮೇಲೆ ಓಡ್ತದೆ, ಅದಕ್ಕೆ ಜಾಗ ಬಿಟ್ಟುಕೊಡುವ ಲೆಕ್ಕ. ಎತ್ತುವ ಮೊದಲು ಉಸಿರು ಪೂರ್ತಿ ಹೊರಗೆ ಬಿಡು ಅಂದರು. ಎಲ್ಲರೂ ಉಸಿರು ಎಳೆದುಕೊ ಅಂತಾರೆ, ಇವರು ಬಿಡು ಅಂದರು. ಬಿಟ್ಟ ಮೇಲೆ ಒಳಗೆ ಬರುವ ಉಸಿರು ತಾನಾಗಿ ಹೊಟ್ಟೆಯವರೆಗೆ ಇಳಿಯುತ್ತದೆ, ಮಾಡಿ ನೋಡಿ. ಕಣ್ಣು ಸಭೆಯ ಮೇಲಲ್ಲ, ಅರ್ಥಧಾರಿಯ ಮೇಲೆ ಇರಬೇಕು. ಅವನಿಗೆ ಪದ್ಯ ದಾಟಿಸಿದರೆ ನಿನ್ನ ಕೆಲಸ ಮುಗೀತು. ಇದು ನನಗೆ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂತು. ಇಪ್ಪತ್ತು ಜನಕ್ಕೆ ಹಾಡುವುದು ಕಷ್ಟ, ಒಬ್ಬನಿಗೆ ಪದ್ಯ ಕೊಡುವುದು ಅಷ್ಟು ಕಷ್ಟವಲ್ಲ.

ಕಾಲು ನಡುಗಿತು, ಹೌದು. ಈಗಲೂ ಮೊದಲ ಎರಡು ನಿಮಿಷ ನಡುಗ್ತದೆ. ಹಾರ್ವರ್ಡಿನ ಆಲಿಸನ್ ವುಡ್ ಬ್ರೂಕ್ಸ್ 2014ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಹಾಡುವ ಮೊದಲು "ನನಗೆ ಉಮೇದು ಬಂದಿದೆ" ಅಂತ ಬಾಯಿಬಿಟ್ಟು ಹೇಳಿಕೊಂಡವರು, "ನನಗೆ ಹೆದರಿಕೆ ಆಗ್ತಿದೆ" ಅಂದವರಿಗಿಂತ ಚೆನ್ನಾಗಿ ಹಾಡಿದರಂತೆ. ಎದೆಬಡಿತ ಎರಡಕ್ಕೂ ಒಂದೇ, ಕರೆಯುವ ಹೆಸರು ಬೇರೆ. ನಾನು ಮಾಷ್ಟ್ರಿಗೆ ಇದನ್ನು ಹೇಳಿದೆ. ಅವರು ಎಲೆ ಅಡಿಕೆ ಹಾಕಿಕೊಳ್ಳುತ್ತಾ, "ಅದಕ್ಕೇ ಅಲ್ವಾ ಚೆಂಡೆ ಮೊದಲು ಬಡಿಯುದು?" ಅಂದರು.

ನನ್ನ ಚಿಂತೆ ಬೇರೆ. ಈಗ ಹೆಚ್ಚಿನ ಆಟ ಕಾಲಮಿತಿಯದ್ದು, ಸಂಜೆ ಶುರುವಾಗಿ ನಡುರಾತ್ರಿಗೆ ಮಂಗಳ. ಅದರಲ್ಲಿ ತಪ್ಪೇನಿಲ್ಲ, ಬೆಳಿಗ್ಗೆ ಕೆಲಸಕ್ಕೆ ಹೋಗುವವರಿಗೆ ಅನುಕೂಲವೇ. ಆದರೆ ಐದು ಗಂಟೆಯೊಳಗೆ ಪ್ರಸಂಗ ಮುಗಿಸಬೇಕಾದಾಗ ಮೊದಲು ಕತ್ತರಿ ಬೀಳುವುದು ಪೂರ್ವರಂಗಕ್ಕೆ. ಖಾಲಿ ಕುರ್ಚಿಗಳ ಎದುರು ಹಾಡುವ ಆ ಎರಡು ಗಂಟೆ ಹೋದರೆ ಸಂಗೀತಗಾರ ಹುಡುಗನ ಹೆದರಿಕೆ ಎಲ್ಲಿ ಕರಗಬೇಕು? ತುಂಬಿದ ಸಭೆಯ ಎದುರು ನೇರ ನಿಲ್ಲಿಸಿದರೆ ಇಬ್ಬರು ದಕ್ಕಿಯಾರು, ಎಂಟು ಮಂದಿ ಮನೆಗೆ ಹೋಗಿಯಾರು. ರಿಯಾಲಿಟಿ ಶೋಗಳಲ್ಲಿ ನಾವು ನೋಡುವುದು ಆ ಇಬ್ಬರನ್ನು ಮಾತ್ರ.

ಸದ್ಯ ನಮಗೆ ಉಳಿದಿರುವುದು ಏಕಾಹ ಭಜನೆ. ಸೂರ್ಯೋದಯದಿಂದ ಮರುದಿನದ ಸೂರ್ಯೋದಯದವರೆಗೆ ದೀಪ ಆರಬಾರದು, ಭಜನೆ ನಿಲ್ಲಬಾರದು. ತಂಡಗಳಿಗೆ ಸಮಯ ಹಂಚುವಾಗ ಸಂಜೆ ಏಳು ಗಂಟೆಗೆ ಎಲ್ಲರಿಂದ ಜಗಳ, ನಡುರಾತ್ರಿಯ ಮೇಲೆ ಯಾರಿಗೂ ಬೇಡ. ಒಬ್ಬರು ಹೇಳಿದ ಸಾಲನ್ನು ಉಳಿದವರು ಎತ್ತಿಕೊಳ್ಳುವುದರಿಂದ ಸ್ವರ ತಪ್ಪಿದರೂ ಆಸರೆ ಉಂಟು. ಕೇಳುವವರೆಂದರೆ ದೀಪಕ್ಕೆ ಎಣ್ಣೆ ಹಾಕುವ ಅಜ್ಜ, ಕಂಬಕ್ಕೆ ಒರಗಿ ನಿದ್ದೆಹೋದ ಒಬ್ಬಿಬ್ಬರು, ಅಂಗಳದ ನಾಯಿ.

ಈ ಸಲ ಸಮಿತಿಯವರಿಗೆ ಫೋನ್ ಮಾಡಿ ನಾನೇ ಕೇಳಿಕೊಂಡೆ. ಎರಡೂವರೆಯಿಂದ ನಾಲ್ಕರವರೆಗೆ ಕೊಟ್ಟಿದ್ದಾರೆ. ಒಂಬತ್ತನೇ ಕ್ಲಾಸಿನ ಹುಡುಗ ಒಬ್ಬ, ಡಿಗ್ರಿಗೆ ಹೋಗುವ ಹುಡುಗಿ ಒಬ್ಬಳು, ಇಬ್ಬರಿಗೂ ಮೊದಲ ಸಲ. ಚೀಟಿಯಲ್ಲಿ ಅವರ ಹೆಸರು ಮೇಲೆ ಬರೆದಿದ್ದೇನೆ. ಹುಡುಗ, "ಅಣ್ಣ, ಆ ಹೊತ್ತಿಗೆ ಯಾರೂ ಇರುದಿಲ್ಲ ಅಲ್ವಾ?" ಅಂತ ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡ.